ಸಗಣಿ ನೀರಿನ ಮೇಲೆ ಅಂತರಗಂಗೆ

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಅವರ ಹಿಂದೆಯೇ ಅಪ್ಪನೂ ಹೇಳಿದ. ಊರಿನಲ್ಲಿ ಬೇರೆಯವರೂ ಹೇಳಿದರು, ನಕ್ಕರು, ಅವರದು ಹೋಗಲಿ. ದೊಡ್ಡಪ್ಪನ ಮಾತನ್ನು ಮಾತ್ರ ಹಾಗೆ ಬಿಡುವಂತಿರಲಿಲ್ಲ. ನಮ್ಮ ಎಮ್ಮೆಗಳು ನಿಂತಿದ್ದ ಜಾಗ ಅವರ ಪಾಲಿನದು.

"ನೀರು ಸೊಪ್ಪು ತೊಳಿಯೋದು ನೋಡೀನಿ. ಸೊಪ್ಪು ನೀರು ತೊಳೀತೈತೆ ಅಂಬೋದು ಇದೇ ಮೊದ್ಲು ಕೇಳ್ತಿರೋದು," ಎಂದರು ಅಪ್ಪನಿಗೆ. "ಲೇ ತಮ್ಮಾ, ಇದ್ನ ಕಲಿಸೋಕೇನ್ಲಾ ಮಗಳ್ನ ದಿನಾ ಚಳ್ಳಕೆರೆ ಬಸ್ ಹತ್ತಿಸ್ತಿರೋದು?"

ಅಪ್ಪ ತಲೆ ಎತ್ತಲಿಲ್ಲ. ನಾನು ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮೂರು ಚಳ್ಳಕೆರೆ ತಾಲ್ಲೂಕಿನ ತಳಕಿನಿಂದ ಒಳಕ್ಕೆ ನಡೆದು ಹೋಗುವಷ್ಟು ದೂರ. ನಾನು ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೆ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಸುಮ್ಮನೆ ಸಿಕ್ಕಿದ್ದಲ್ಲ ಅದು. ಬೆಳಗ್ಗೆ ಎದ್ದು ಆರು ಎಮ್ಮೆಗಳ ಕೆಳಗೆ ಬಳಿದು, ಅವ್ವ ಕರೆದ ಹಾಲನ್ನು ಕ್ಯಾನಿಗೆ ಸೋಸಿ, ಅದೇ ಕ್ಯಾನನ್ನು ಬಸ್ಸಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ಹೋಗಿ, ಚಳ್ಳಕೆರೆಯ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೂ ಅದರ ಪಕ್ಕದ ಗ್ಯಾರೇಜಿನ ಸಾಹೇಬರ ಮನೆಗೂ ಹಾಕಿ, ಆಮೇಲೆ ಕಾಲೇಜಿಗೆ. ಆ ಆರು ಎಮ್ಮೆ ಇದ್ದುದರಿಂದ ನನ್ನ ಓದು ಇತ್ತು. ಇಷ್ಟು ಸರಳ ಲೆಕ್ಕ.

ತೊಂದರೆ ಇದ್ದದ್ದು ಕೊಟ್ಟಿಗೆಯ ಮೋರಿಯಲ್ಲಿ. ಪಾಲಾದಾಗ ಮನೆ ನಮಗೆ ಬಂತು, ಹಿತ್ತಲು ದೊಡ್ಡಪ್ಪನಿಗೆ ಹೋಯಿತು. ಕೊಟ್ಟಿಗೆ ಹಿತ್ತಲಿನಲ್ಲೇ ಉಳಿಯಿತು. "ಇರ್ಲಿ, ಕಟ್ಕಳ್ರಿ" ಎಂದಿದ್ದರು ಅವರು. ದೊಡ್ಡ ಮನಸ್ಸಿನ ಮಾತು. ಆದರೆ ನೆಲ ಅವರ ಮನೆಯ ಕಡೆಗೆ ಇಳಿಜಾರು. ಎಮ್ಮೆ ತೊಳೆದ ನೀರು, ಗಂಜಲ, ಕರಗಿದ ಸಗಣಿ ಎಲ್ಲ ಸೇರಿ ಕಪ್ಪಗೆ ಹರಿದು ಅವರ ಅಂಗಳದ ಅಂಚಿನಲ್ಲಿ ನಿಲ್ಲುತ್ತಿತ್ತು. ನೊಣ, ಸೊಳ್ಳೆ, ಮೂಗು ಸುಡುವ ವಾಸನೆ. ಅಷ್ಟು ವರ್ಷ ಸಹಿಸಿದ್ದ ದೊಡ್ಡಪ್ಪ ಆ ವರ್ಷ ಬಾಯಿ ತೆರೆದದ್ದಕ್ಕೆ ಕಾರಣವಿತ್ತು. ಅವರ ಮಗಳ, ಅಂದರೆ ನನ್ನ ಅಕ್ಕನ ಮದುವೆ ಬೇಸಿಗೆಗೆ ಗೊತ್ತಾಗಿತ್ತು. ಮದುವೆ ಅದೇ ಅಂಗಳದಲ್ಲಿ.

"ಬೀಗರು ಬಂದು ಮೂಗು ಮುಚ್ಕಂಡು ಉಣ್ಬೇಕೇನು? ಚಪ್ಪರ ಹಾಕೋದ್ರೊಳಗೆ ಆ ನೀರು ಬರೋದು ನಿಲ್ಬೇಕು. ಇಲ್ಲಾಂದ್ರೆ ಎಮ್ಮೆ ಬಿಚ್ಕಳಿ. ನಾನೇನು ಹಗೆ ಸಾಧಿಸ್ತಿಲ್ಲ, ನೀವೇ ಯೋಚ್ನೆ ಮಾಡ್ರಿ."

ಯೋಚನೆ ಮಾಡಲು ಏನೂ ಇರಲಿಲ್ಲ. ಎಮ್ಮೆ ಬಿಚ್ಚಿದರೆ ಕಟ್ಟಲು ಬೇರೆ ಜಾಗವಿಲ್ಲ. ಮಾರಬೇಕು. ಮಾರಿದರೆ ನಾನು ಮೂರನೇ ವರ್ಷಕ್ಕೆ ಹೋಗುವುದಿಲ್ಲ.

ಆ ವಾರವೇ ಸಸ್ಯಶಾಸ್ತ್ರದ ಮೇಡಂ ನೀರಿನ ಗಿಡಗಳ ಪಾಠ ಮಾಡುತ್ತಿದ್ದರು. ತೇಲುವ ಗಿಡಕ್ಕೆ ಮಣ್ಣು ಬೇಡ, ಬೇರು ನೀರಿನಲ್ಲೇ ಇಳಿಬಿದ್ದು ಅಲ್ಲಿಂದಲೇ ಸಾರ ಹೀರುತ್ತದೆ. ಕೊಳಚೆ ನೀರಿನಲ್ಲಿ ಅದಕ್ಕೆ ಬೇಕಾದ ಸಾರವೆಲ್ಲ ಇರುತ್ತದೆ ಎಂದರು. "ನಮಗೆ ಯಾವುದು ಹೊಲಸೋ ಅದು ಅದಕ್ಕೆ ಊಟ." ನಾನು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ತರಗತಿ ಮುಗಿದ ಮೇಲೆ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತು ಕೇಳಿದೆ.

"ಮೇಡಂ, ಎಮ್ಮೆ ಗಂಜಲನೂ ಹೀರ್ತಾವಾ?"

ಅವರು ನಗಲಿಲ್ಲ. ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಮೂರು ಗುಂಡಿಗಳ ಚಿತ್ರ ಬರೆದುಕೊಟ್ಟರು. ಮೊದಲನೆಯದರಲ್ಲಿ ಗಷ್ಟು, ಅಂದರೆ ಸಗಣಿಯ ಮಡ್ಡಿ, ಕೆಳಗೆ ಕೂರಬೇಕು. ಎರಡನೆಯದರಲ್ಲೂ ಮೂರನೆಯದರಲ್ಲೂ ಗಿಡ ತೇಲಬೇಕು. ನೀರು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಹೋಗಬೇಕು. ಯಾವ ಗಿಡ ಎಂದರೆ ಅಂತರಗಂಗೆ. ನಮ್ಮ ಕಡೆ ಅದೊಂದೇ ಸುಲಭವಾಗಿ ಸಿಗುವುದು. "ಕೆರೆಗೆ ಮಾತ್ರ ಬಿಡಬೇಡ, ಇಡೀ ಕೆರೆ ಮುಚ್ಚಿಬಿಡುತ್ತೆ. ಮತ್ತೆ ಆಗಾಗ ಅರ್ಧ ಗಿಡ ತೆಗೆದುಬಿಡಬೇಕು," ಎಂದರು. ಅದನ್ನೂ ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ.

ಅಪ್ಪ ಬೈದುಕೊಂಡೇ ಗುಂಡಿ ತೋಡಿದ. "ಆಗೋ ಮಾತಲ್ಲ ಇದು, ಆಗೋ ಮಾತಲ್ಲ," ಎನ್ನುತ್ತಲೇ ಹಾರೆ ಹಾಕಿದ. ನೀರು ಇಂಗದಂತೆ ತಳಕ್ಕೂ ಗೋಡೆಗೂ ಕೆರೆಯ ಜಿಗುಟು ಗೋಡು ಮಣ್ಣು ತಂದು ಮೆತ್ತಿದೆವು. ಗುಂಡಿಯಿಂದ ಗುಂಡಿಗೆ ಪೈಪು ಬೇಕಾಯಿತು. ಗ್ಯಾರೇಜಿನ ಸಾಹೇಬರ ಹತ್ತಿರ ಹಳೆಯ ಲಾರಿಗಳ ರೇಡಿಯೇಟರ್ ಪೈಪು ರಾಶಿ ಬಿದ್ದಿದ್ದವು.

"ಕ್ಯಾ ಬೇಟಿ, ಎಮ್ಮೆಗೂ ರೇಡಿಯೇಟರ್ ಕೂರಿಸ್ತೀಯಾ?" ಎಂದು ಅವರು ಜೋರಾಗಿ ನಕ್ಕರು. ವಿಷಯ ಹೇಳಿದ ಮೇಲೆ ಗಂಭೀರವಾಗಿ ಎರಡು ಒಳ್ಳೆಯ ತುಂಡು ಹುಡುಕಿಕೊಟ್ಟರು. "ಗಂದಾ ಪಾನಿ ಸಾಫ್ ಆದ್ರೆ ನನಗೆ ಹೇಳ್ಬೇಕು ನೋಡು. ನಮ್ಮ ಗಲ್ಲಿ ಮೋರೀನೂ ನಿನಗೇ ಕೊಡ್ತೀನಿ."

ಅಂತರಗಂಗೆ ತರಲು ದೇವಸಮುದ್ರದ ಕಡೆ ಇದ್ದ ಚಿಕ್ಕಮ್ಮನ ಊರಿಗೆ ಹೋದೆ. ಅಲ್ಲಿ ಹೊಲದ ನಡುವೆ ಒಂದು ಹಳೆಯ ಬಾವಿ. ಅದನ್ನು ಮೊದಲ ಸಲ ಬಗ್ಗಿ ನೋಡಿದ ಗಳಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸುತ್ತ ಎಲ್ಲಿ ನೋಡಿದರೂ ಬೂದು ನೆಲ, ಜಾಲಿ, ಕಲ್ಲು. ಬಾವಿಯೊಳಗೆ ಮಾತ್ರ ನೀರೇ ಕಾಣದ ಹಾಗೆ ಎಳೆ ಹಸಿರು, ಒಂದರ ಪಕ್ಕ ಒಂದು ಪುಟ್ಟ ಎಲೆಕೋಸು ಜೋಡಿಸಿದಂತೆ. ಮೆಟ್ಟಿಲಿಳಿದು ಒಂದನ್ನು ಎತ್ತಿದೆ. ಎಲೆಯ ಮೇಲೆ ನೀರು ನಿಲ್ಲಲಿಲ್ಲ, ಮಣಿಯಾಗಿ ಉರುಳಿತು. ಕೆಳಗೆ ಮೊಳದುದ್ದ ಬೇರು, ತೊಳೆದು ಹಿಂಜಿದ ಕುರಿ ಉಣ್ಣೆಯಂತೆ. ಇಷ್ಟು ತೆಳ್ಳಗಿನ ನೂಲಿಗೆ ಆರು ಎಮ್ಮೆಗಳ ಹೊಲಸು ಎಳೆಯುವ ಶಕ್ತಿ ಇದೆಯೇ ಎಂದು ಅದನ್ನೇ ನೋಡುತ್ತ ನಿಂತೆ.

"ಈ ಚೆತ್ತ ಯಾಕಮ್ಮಾ ನಿನಗೆ?" ಎಂದಳು ಚಿಕ್ಕಮ್ಮ. ಅವರ ಮನೆಯಲ್ಲಿ ತೆಲುಗು ಕನ್ನಡ ಎರಡೂ ಒಂದೇ ತಟ್ಟೆಯಲ್ಲಿ. ಚೆತ್ತ ಅಂದರೆ ಕಸ. "ಸೀರೆ ಕೊಡ್ತೀನಿ ಬಾ ಅಂದ್ರೆ ಬರಲ್ಲ, ಚೆತ್ತಕ್ಕೆ ಬಸ್ ಹತ್ತಿ ಬಂದವ್ಳೆ, ನೋಡ್ರಪ್ಪಾ!"

ಒದ್ದೆ ಗೋಣಿಚೀಲ ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರ್ ಚೀಲದ ಬಾಯಿ ಬಿಚ್ಚಿಸಿದರು.

"ಏನಮ್ಮಾ, ಕೋಸಾ?"

"ಅಲ್ರೀ, ಅಂತರಗಂಗೆ. ಎಮ್ಮೆ ಮೋರಿಗೆ ಹಾಕೋಕೆ."

ಅವರು ನನ್ನನ್ನೂ ಚೀಲವನ್ನೂ ಎರಡು ಸಲ ನೋಡಿದರು. "ಓದಿದವ್ಳ ಥರ ಕಾಣ್ತೀಯಾ," ಎಂದು ಮುಂದಕ್ಕೆ ಹೋದರು. ಊರು ತಲುಪುವವರೆಗೂ ಚೀಲದಿಂದ ತೊಟ್ಟಿಕ್ಕುತ್ತಿತ್ತು. ಹಿಂದಿನ ಸೀಟಿನ ಮುದುಕಿ ಕಾಲು ಮೇಲೆತ್ತಿಕೊಂಡು ಬೈದಳು.

ಮೊದಲ ಚೀಲದ ಗಿಡಗಳೆಲ್ಲ ಸತ್ತವು. ಎರಡೇ ದಿನದಲ್ಲಿ ಎಲೆ ಹಳದಿಯಾಗಿ, ಮೂರನೇ ದಿನ ಬೇಯಿಸಿದ ಸೊಪ್ಪಿನಂತೆ ಮೆತ್ತಗಾದವು. ದೊಡ್ಡಪ್ಪ ಬೇಲಿಯಾಚೆ ನಿಂತು ನೋಡಿದರು. ಮೇಡಂಗೆ ಹೇಳಿದೆ. "ಹಾಲು ಕುಡಿಯೋ ಮಗು ಬಾಯಿಗೆ ಮುದ್ದೆ ತುರುಕಿದ್ದೀಯಲ್ಲೇ," ಎಂದರು. ಮೊದಲ ಗುಂಡಿಯಲ್ಲಿ ನೀರು ಕೆಲವು ದಿನ ನಿಂತು ಗಷ್ಟು ಕೂತ ಮೇಲೆ ಬಿಡಬೇಕಿತ್ತು, ಶುರುವಿನಲ್ಲಿ ಒಳ್ಳೆಯ ನೀರನ್ನೂ ಬೆರೆಸಬೇಕಿತ್ತು. ನಾನು ಆತುರದಲ್ಲಿ ಕೊಟ್ಟಿಗೆಯ ನೀರನ್ನು ನೇರವಾಗಿ ನುಗ್ಗಿಸಿದ್ದೆ.

ಮತ್ತೆ ಚಿಕ್ಕಮ್ಮನ ಊರು, ಮತ್ತೆ ಗೋಣಿಚೀಲ, ಮತ್ತೆ ಅದೇ ಕಂಡಕ್ಟರ್. "ಮೊದ್ಲಿಂದು ಎಮ್ಮೆ ತಿಂತಾ?" ಎಂದು ಕೇಳಿದರು.

ಈ ಸಲ ಗಿಡ ಹಿಡಿಯಿತು. ಆ ಹದಿನೈದು ದಿನಗಳನ್ನು ಹೇಗೆ ಹೇಳಲಿ? ಬೆಳಗ್ಗೆ ಕೊಟ್ಟಿಗೆಗೆ ಬಂದವರು ಮೊದಲು ಗುಂಡಿಗೆ ಹೋಗಿ ಬಗ್ಗುತ್ತಿದ್ದೆವು. ಒಂದೊಂದು ತಾಯಿ ಗಿಡವೂ ಪಕ್ಕಕ್ಕೆ ಒಂದು ಎಳೆ ಚಾಚಿ, ಅದರ ತುದಿಯಲ್ಲಿ ಮರಿ ಕೂರಿಸಿಕೊಂಡಿರುತ್ತಿತ್ತು. ಎರಡು ದಿನ ಬಿಟ್ಟು ನೋಡಿದರೆ ಆ ಮರಿಗೂ ಮರಿ. ಊರಿನ ಬೇವಿನ ಮರ ಸಹ ಎಲೆ ಉದುರಿಸಿ ನಿಂತಿದ್ದ ದಿನಗಳಲ್ಲಿ ನಮ್ಮ ಹಿತ್ತಲಿನಲ್ಲಿ ಕಣ್ಣು ತಂಪಾಗುವ ಹಸಿರು, ಅದೂ ಯಾರಿಗೂ ಬೇಡದ ನೀರಿನ ಮೇಲೆ. ಎಲ್ಲಿಂದಲೋ ಕಪ್ಪೆ ಬಂದವು. ಕೆಂಪು ಏರೋಪ್ಲೇನ್ ಚಿಟ್ಟೆ ಬಂದವು. ವಾಸನೆ ಕಡಿಮೆಯಾಯಿತು. ಮೂರನೇ ಗುಂಡಿಯಿಂದ ಒಂದು ಚೊಂಬು ನೀರು ಎತ್ತಿದರೆ ಚಹಾದ ಬಣ್ಣ. ಸಗಣಿ ಕಪ್ಪಿನಿಂದ ಚಹಾದ ಬಣ್ಣಕ್ಕೆ ಬಂದಿತ್ತಲ್ಲ! ಆ ಚೊಂಬನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ ಅಪ್ಪ "ಆಗೋ ಮಾತಲ್ಲ" ಎನ್ನುವುದನ್ನು ಬಿಟ್ಟ. ಅವ್ವ ಒಂದು ಶುಕ್ರವಾರ ಗುಂಡಿಯ ಅಂಚಿಗೆ ಅರಿಶಿನ ಕುಂಕುಮ ಇಟ್ಟಳು.

ತಪ್ಪು ಮಾಡಿದ್ದು ಅಲ್ಲಿಂದ ಮುಂದೆ.

ಗಿಡ ತುಂಬಿತು. ನೀರು ಕಾಣದಷ್ಟು ತುಂಬಿತು. ಮೇಡಂ ಹೇಳಿದ್ದು ನನ್ನ ನೋಟ್ ಪುಸ್ತಕದಲ್ಲಿತ್ತು: ಅರ್ಧ ತೆಗೆಯಬೇಕು. ಒಂದು ಭಾನುವಾರ ಮಂಕರಿ ಹಿಡಿದು ಹೋದೆ. ಅವ್ವ ಅಡ್ಡ ಬಂದಳು.

"ಏನೇ ಮಾಡ್ತೀಯಾ? ಹಸರು ಕೀಳ್ತಾರೇನೇ ಬ್ಯಾಸಿಗ್ಯಾಗೆ? ಕೈ ಹೆಂಗೆ ಬರ್ತೈತೆ ನಿನ್ಗೆ?"

ನನಗೂ ಕೈ ಬರಲಿಲ್ಲ. ಅವ್ವನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಚಿಗುರಿದ್ದನ್ನು ಯಾರೂ ಮುಟ್ಟುವುದಿಲ್ಲ. ಹಿತ್ತಲಿನಲ್ಲಿ ಒಂದು ಕುಂಬಳದ ಬಳ್ಳಿ ತಾನಾಗಿ ಹುಟ್ಟಿದರೆ ಅದರ ಸುತ್ತ ಮುಳ್ಳು ಇಟ್ಟು ಮುಸುರೆ ನೀರು ಹೊಯ್ಯುವ ಜನ ನಾವು. ಎಮ್ಮೆ ತಿನ್ನುವುದಾದರೆ ಕೀಳಬಹುದಿತ್ತು. ಅವು ಮೂಸಿ, ಬಾಯಿ ತುರಿಸಿದಂತಾಗಿ ತಲೆ ಕೊಡವಿದವು. ತಿನ್ನದ ಹಸಿರನ್ನು ಕಿತ್ತು ಎಸೆಯುವುದು ಎಂದರೆ ಪಾಪವೆಂಬಂತೆ ಕಂಡಿತು. ಮಂಕರಿ ಖಾಲಿಯಾಗಿಯೇ ವಾಪಸು ಬಂತು. ಹೆಚ್ಚು ಗಿಡ ಇದ್ದರೆ ಹೆಚ್ಚು ತೊಳೆಯುತ್ತದೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಬಿ.ಎಸ್ಸಿ. ಓದುತ್ತಿದ್ದವಳು ನಾನು.

ಗಿಡದ ಮೇಲೆ ಗಿಡ ಏರಿತು. ಮೇಲಿನದು ಹಸಿರಾಗಿಯೇ ಇತ್ತು, ಅದಕ್ಕೇ ಮೋಸ ಹೋದೆವು. ಅಡಿಯಲ್ಲಿ ಸಿಕ್ಕಿದ್ದು ಉಸಿರುಗಟ್ಟಿ ಕೊಳೆಯುತ್ತಿತ್ತು. ಒಂದು ಬೆಳಗ್ಗೆ ಬಾಗಿಲು ತೆರೆದಾಗ ವಾಸನೆ ಬಂತು. ಮೊದಲಿನ ವಾಸನೆಯಲ್ಲ, ಅದಕ್ಕಿಂತ ಕೆಟ್ಟದ್ದು, ಕೊಳೆತ ಮೊಟ್ಟೆಯದು. ಮೂರನೇ ಗುಂಡಿಯ ನೀರು ಮತ್ತೆ ಕಪ್ಪು, ಮೇಲೆ ಲೋಳೆ.

ಚಪ್ಪರಕ್ಕೆ ಎಂಟು ದಿನ ಉಳಿದಿತ್ತು. ದೊಡ್ಡಪ್ಪ ಬೇಲಿ ದಾಟಿ ಬಂದರು. ಸಿಟ್ಟು ಮಾಡಲಿಲ್ಲ. ಅವರ ಮುಖದಲ್ಲಿ ನಿಜವಾಗಿಯೂ ಸಂಕಟವಿತ್ತು.

"ನೀನು ಪಟ್ಟ ಪಾಡು ನೋಡೀನಿ ಕಣವ್ವಾ. ಆದ್ರೆ ನಂಗೂ ಮರ್ವಾದೆ ಐತಲ್ಲ. ಸಂತೆ ದಿನ ಎಮ್ಮೆ ಹೊಡ್ಕಂಡು ಹೋಗೋಕೆ ಹೇಳು ನಿಮ್ಮಪ್ಪನ್ಗೆ."

ಸಂತೆಗೆ ಐದು ದಿನ.

ನಾನು ಆ ದಿನ ಕಾಲೇಜಿಗೆ ಹೋಗಲಿಲ್ಲ. ಲಂಗ ಎತ್ತಿ ಕಟ್ಟಿ ಮೂರನೇ ಗುಂಡಿಗೆ ಇಳಿದೆ. ತೊಡೆಯವರೆಗೂ ಹೊಲಸು. ಎರಡೂ ಕೈಯಲ್ಲಿ ಬಾಚಿ ಬಾಚಿ ದಡಕ್ಕೆ ಎಸೆಯತೊಡಗಿದೆ. ಅವ್ವ ಹಾಲಿನ ಚೊಂಬು ಹಿಡಿದೇ ಓಡಿ ಬಂದಳು.

"ಹುಚ್ಚು ಹಿಡೀತೇನೇ? ಹಸರ್ನೆಲ್ಲಾ ಕೀಳ್ತಿದ್ದೀಯಲ್ಲೇ!"

ನಾನು ಒಂದು ಗಿಡವನ್ನು ಅವಳ ಮುಖದ ಮುಂದೆ ಎತ್ತಿ ಹಿಡಿದೆ. ಬಾವಿಯಲ್ಲಿ ಬೆಳ್ಳಗಿದ್ದ ಬೇರು ಈಗ ಕಪ್ಪಗೆ ತುಂಬಿಕೊಂಡು ಜೋತುಬಿದ್ದಿತ್ತು.

"ನೋಡವ್ವಾ ಇಲ್ಲಿ. ಆ ಹೊಲಸು ಎಲ್ಲಿಗೂ ಹೋಗಿಲ್ಲ. ಗಿಡದೊಳಗೆ ಕುಂತೈತೆ, ಬೇರಿಗೆ ಅಂಟ್ಕಂಡೈತೆ. ಗಿಡ ಇಲ್ಲೇ ಸತ್ರೆ ಎಲ್ಲಾ ವಾಪಸ್ ನೀರಿಗೇ ಬೀಳ್ತೈತೆ. ಕಿತ್ತು ಹೊರಗೆ ಹಾಕಿದ್ರೇನೇ ಹೊಲಸು ಹೊರಗೆ ಹೋದಂಗೆ."

ಅವ್ವ ಚೊಂಬನ್ನು ಕಟ್ಟೆಯ ಮೇಲಿಟ್ಟಳು. ಆ ಬೇರನ್ನು ಎರಡು ಬೆರಳಲ್ಲಿ ಹಿಂಡಿದಳು. ಕಪ್ಪು ನೀರು ಇಳಿಯಿತು.

"ಅಂದ್ರೆ ಹಾಲು ಕರದಂಗೆ ಅನ್ನು," ಎಂದಳು. "ಎಮ್ಮೆ ಹಾಲು ಕೊಡ್ತೈತೆ ಅಂತ ಕೆಚ್ಚಲಾಗೇ ಬಿಟ್ರೆ ಗಟ್ಟಿಯಾಗಿ ಬಾವು ಬರ್ತೈತೆ. ಹೊತ್ಹೊತ್ತಿಗೆ ಕರೀಬೇಕು. ಕರದಷ್ಟೂ ಇಳೀತೈತೆ. ಇದನ್ನೂ ಕರೀಬೇಕು ಅಂತ ಮೊದ್ಲೇ ಹೇಳಿದ್ರೆ ನಾನು ಬ್ಯಾಡ ಅಂತಿದ್ನೇ, ಮುಂಡೇದೆ?"

ಮೇಡಂ ಪಾಠದಲ್ಲಿ ಹೇಳಿದ್ದು, ನಾನು ಪುಸ್ತಕದಲ್ಲಿ ಬರೆದುಕೊಂಡು ಪರೀಕ್ಷೆಗೂ ಕಂಠಪಾಠ ಮಾಡಿದ್ದು, ಆ ಮಾತಿನಿಂದ ನನಗೆ ಅರ್ಥವಾಯಿತು. ಅಕ್ಷರ ಬರದ ನನ್ನ ಅವ್ವ ಹಾಲು ಕರೆಯುವ ಕೈಯಿಂದ ಅದನ್ನು ತಿಳಿದುಕೊಂಡಿದ್ದಳು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಅಪ್ಪನೂ ಬಂದ. ಕೊಳೆತದ್ದನ್ನೆಲ್ಲ ತೆಗೆದು, ಗಿಡವಿದ್ದ ಎರಡೂ ಗುಂಡಿಗಳ ನೀರನ್ನು ಪೂರ್ತಿ ಹೊರಗೆ ಚೆಲ್ಲಿ, ಗಟ್ಟಿಯಾದ ಎಳೆ ಗಿಡಗಳನ್ನು ಮಾತ್ರ ಆರಿಸಿ ಎರಡಕ್ಕೂ ಅರ್ಧರ್ಧ ಬಿಟ್ಟೆವು. ತೆಗೆದದ್ದು ತಿಪ್ಪೆಗೆ ಹೋಯಿತು. ಅಲ್ಲಿ ಅದು ಗೊಬ್ಬರವಾಗುತ್ತದೆ ಎಂದ ಮೇಲೆ ಅವ್ವನಿಗೆ ಪಾಪದ ಭಯವೂ ಹೋಯಿತು. ಗಷ್ಟು ಕೂತ ಮೊದಲ ಗುಂಡಿಯ ನೀರನ್ನು ನಿಧಾನವಾಗಿ ಬಿಟ್ಟೆವು. ಅಂದಿನಿಂದ ಅವ್ವನದೇ ಕಟ್ಟಳೆ: ದಿನ ಬಿಟ್ಟು ದಿನ, ಬೆಳಗಿನ ಹಾಲು ಕರೆದಾದ ಮೇಲೆ, ಗುಂಡಿಗೊಂದು ಮಂಕರಿ. ನೀರು ಅಂಗೈಯಗಲ ಅಲ್ಲಲ್ಲಿ ಕಾಣಬೇಕು, ಅಷ್ಟು ಬಿಡುವು ಇರಬೇಕು. "ಎಮ್ಮೆ ಕರದ್ಯಾ?" ಎಂದು ಕೇಳಿದ ಉಸಿರಿನಲ್ಲೇ "ಗಂಗೆ ಕರದ್ಯಾ?" ಎಂದು ಕೇಳುತ್ತಿದ್ದಳು.

ಸಂತೆಯ ದಿನ ಬಂತು. ಅಪ್ಪ ಹಗ್ಗ ಹಿಡಿದು ಕೊಟ್ಟಿಗೆಯಲ್ಲೇ ನಿಂತಿದ್ದ. ಬಿಚ್ಚಲೂ ಇಲ್ಲ, ಒಳಗೆ ಬರಲೂ ಇಲ್ಲ. ನಾನು ಮೂರನೇ ಗುಂಡಿಯ ಹತ್ತಿರ ಹೋದೆ. ಬಿಸಿಲು ನೇರವಾಗಿ ಬೀಳುತ್ತಿತ್ತು. ಗಿಡಗಳ ನಡುವಿನ ಬಿಡುವಿನಲ್ಲಿ ಬಗ್ಗಿ ನೋಡಿದೆ. ಮೊದಲು ನನ್ನ ಮುಖ ಕಂಡಿತು. ನೆರಳು ಮಾಡಿ ಮತ್ತೆ ನೋಡಿದೆ. ಮುಖದಾಚೆ, ನೀರಿನ ಅಡಿಯಲ್ಲಿ, ಗೋಡು ಮಣ್ಣನ್ನು ಮೆತ್ತಿದ್ದ ನಮ್ಮ ಬೆರಳಿನ ಗೆರೆಗಳು ಕಂಡವು.

ತಳ ಕಾಣುತ್ತಿತ್ತು. ಸಗಣಿ ನೀರಿನ ತಳ.

"ಅಪ್ಪಾ," ಎಂದೆ. ಅಪ್ಪ ಬಂದು ಬಗ್ಗಿದ. ಅವ್ವ ಬಂದು ಬಗ್ಗಿದಳು. ಮೂರು ಜನ ಒಂದು ಗುಂಡಿಗೆ ತಲೆ ಹಾಕಿ, ಗುಡಿಯೊಳಗೆ ನಿಂತವರ ಹಾಗೆ ಬಗ್ಗಿಕೊಂಡೇ ಇದ್ದೆವು. ಕುಡಿಯುವ ನೀರಲ್ಲ ಅದು, ಗೊತ್ತಿತ್ತು. ಆದರೆ ಮೂಗಿಗೆ ಹಸಿ ಮಣ್ಣಿನ ವಾಸನೆಯಲ್ಲದೆ ಬೇರೇನೂ ಬರುತ್ತಿರಲಿಲ್ಲ.

ದೊಡ್ಡಪ್ಪ ಯಾವಾಗ ಬಂದರೋ ಗೊತ್ತಿಲ್ಲ. ನಮ್ಮ ಹಿಂದೆ ನಿಂತು ಅವರೂ ನೋಡಿದರು. ಕೂತು ಕೈ ಅದ್ದಿದರು, ಮೂಸಿದರು, ಕೈಯನ್ನು ಪಂಚೆಗೆ ಒರೆಸಿಕೊಂಡರು. ಅಪ್ಪನ ಕೈಯಲ್ಲಿದ್ದ ಹಗ್ಗ ಅವರ ಕಣ್ಣಿಗೆ ಬಿತ್ತು.

"ಹಗ್ಗ ಯಾಕ್ಲಾ ಹಿಡ್ಕಂಡಿದ್ದೀಯಾ, ಬಿಸಾಕು ಅತ್ಲಾಗೆ," ಎಂದು ರೇಗಿದರು. ಆಮೇಲೆ ನನ್ನ ಕಡೆ ನೋಡದೆ, ಬೇಲಿಯ ಕಡೆ ನೋಡುತ್ತ ಕೇಳಿದರು: "ಚಪ್ಪರದಡಿ ಅಂಗಳ ಸಾರಿಸ್ಬೇಕು. ಸಗಣಿ ಕಲ್ಸೋಕೆ ಬೋರಿಂಗಿಂದ ಹೊರೋರು ಯಾರು? ಇದ್ರಾಗೆ ನಾಕು ಕೊಡ ತಗೊಂಡ್ರೆ ನಿನ್ನ ಗಿಡಕ್ಕೇನೂ ಆಗಲ್ವಾ?"

"ತಗಳ್ರಿ ದೊಡ್ಡಪ್ಪಾ," ಎಂದೆ.

ಅಕ್ಕನ ಮದುವೆಯ ಅಂಗಳವನ್ನು ಆ ನೀರಿನಲ್ಲೇ ಸಾರಿಸಿದರು. ಬೀಗರು ಅದರ ಮೇಲೆ ಪಂಕ್ತಿ ಕೂತು ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಬೀಗರ ಕಡೆಯ ಒಬ್ಬ ಹಿರಿಯರು ಆ ಹಸಿರು ಏನೆಂದು ಕೇಳಿದಾಗ ದೊಡ್ಡಪ್ಪನೇ ಅವರನ್ನು ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ, ಗಷ್ಟು ಕೂರುವುದು ಇಲ್ಲಿ, ಗಿಡ ಕುಡಿಯುವುದು ಇಲ್ಲಿ ಎಂದು ಎಲ್ಲ ತಾವೇ ಕಂಡುಹಿಡಿದವರಂತೆ ವಿವರಿಸಿದರು. ಅಪ್ಪ ನನಗೆ ಕಣ್ಣು ಹೊಡೆದ. ಅಪ್ಪ ಕಣ್ಣು ಹೊಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎಮ್ಮೆಗಳು ಉಳಿದವು. ಮೂರನೇ ವರ್ಷಕ್ಕೆ ಸೇರಿದೆ. ಗ್ಯಾರೇಜಿನ ಸಾಹೇಬರಿಗೆ ಸುದ್ದಿ ಹೇಳಿದಾಗ, "ಸಚ್ಚಿ? ತಳ ಕಂಡಿತಾ?" ಎಂದು ಕೈಯ ಗ್ರೀಸನ್ನೂ ಮರೆತು ನನ್ನ ತಲೆ ಮುಟ್ಟಿದರು. ಆ ವರ್ಷ ಓದಿದ್ದು ಹೇಗೆಂದು ಕೇಳಿದರೆ, ಬಸ್ಸಿನಲ್ಲಿ, ಕೊಟ್ಟಿಗೆಯ ಕಟ್ಟೆಯ ಮೇಲೆ, ಗುಂಡಿಯ ಅಂಚಿನಲ್ಲಿ. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಪಾಸಾದೆ.

ಪದವಿ ಪ್ರಮಾಣಪತ್ರ ಬಂದಿದೆ ಎಂದು ತಿಳಿದ ದಿನ ಅವ್ವನನ್ನು ಜೊತೆಗೆ ಕರೆದುಕೊಂಡು ಹೋದೆ. ಕಾಲೇಜಿನ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕಚೇರಿಯ ಮುಂದೆ ಚಪ್ಪಲಿ ಬಿಟ್ಟಳು, ಬೇಡವೆಂದರೂ ಕೇಳಲಿಲ್ಲ. ಗುಮಾಸ್ತರು ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡು, ದಪ್ಪ ಕಾಗದವನ್ನು ಕಿಟಕಿಯಿಂದ ಚಾಚಿದರು. ನಾನು ಅದನ್ನು ಮುಟ್ಟುವ ಮೊದಲೇ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಇಸಿದುಕೊಂಡಳು.

"ನಿನ್ನೆಸ್ರು ಎಲ್ಲೈತೆ?"

ತೋರಿಸಿದೆ. ಅವಳು ಆ ಸಾಲಿನ ಒಂದು ತುದಿಗೆ ಬೆರಳಿಟ್ಟು, ಅಕ್ಷರಕ್ಕೆ ತಾಗದಂತೆ, ಇನ್ನೊಂದು ತುದಿಯವರೆಗೂ ಮೆಲ್ಲಗೆ ಎಳೆದಳು.

"ಯವ್ವಾ! ಇಷ್ಟುದ್ದ ಐತೇನೇ ನಿನ್ನೆಸ್ರು?" ಎಂದಳು. "ನಾವು ಇಷ್ಟು ದಿನ ಬರೀ ಅರ್ಧ ಕರೀತಿದ್ವಲ್ಲೇ."